ಬೇರಿನ ಲೋಳೆ

ಕನ್ನಡ ಪಾಠ ಹೇಳಿ ನಿವೃತ್ತನಾದವನು ಬೇರಿನ ವಿಷಯ ಮಾತನಾಡಹೊರಟರೆ ಕೇಳುವವರಿಗೆ ಸೋಜಿಗವಾದೀತು. ಇದಕ್ಕೆ ಕಾರಣ ಒಂದು ತುಳಸಿ. ಕಳೆದ ಬೇಸಗೆಯಲ್ಲಿ ಹದಿನೈದು ದಿನ ಪರಸ್ಥಳದಲ್ಲಿದ್ದು ಮರಳಿದಾಗ, ತೀರಿಕೊಂಡ ನನ್ನ ಪತ್ನಿ ಕುಂಡದಲ್ಲಿ ನೆಟ್ಟಿದ್ದ ಆ ಗಿಡ ಬಾಡಿ ನಿಂತಿತ್ತು. ಗಾಬರಿಯಿಂದ ಒಂದು ಚೊಂಬು ನೀರನ್ನು ಒಮ್ಮೆಗೇ ಸುರಿದೆ. ನೀರೆಲ್ಲ ಅಂಚಿನಿಂದ ಇಳಿದು ತಳದ ತೂತಿನಿಂದ ಹರಿದುಹೋಯಿತು, ಮಣ್ಣು ನೆನೆಯಲಿಲ್ಲ. ಬಾಯಾರಿದ ಮಣ್ಣು ನೀರನ್ನು ಒಲ್ಲೆನ್ನುವುದೇಕೆ?

ಉತ್ತರದ ಒಂದು ಭಾಗ ಬೇರಿನಲ್ಲಿಯೇ ಇದೆ. ಬೇರಿನ ತುದಿಗೆ ಪುಟ್ಟದೊಂದು ಟೊಪ್ಪಿಗೆಯುಂಟು. ಅದು ಮಣ್ಣನ್ನು ಸೀಳಿ ಸಾಗುವಾಗ ಎಳೆಯ ತುದಿಯನ್ನು ಕಾಯುತ್ತದೆ. ಜೊತೆಗೆ ಒಂದು ಬಗೆಯ ಲೋಳೆಯನ್ನು ಸ್ರವಿಸುತ್ತದೆ. ಸಕ್ಕರೆಯ ಅಣುಗಳು ಸರಪಣಿಗಳಾಗಿ ಹೆಣೆದುಕೊಂಡು ಆದ ವಸ್ತು ಅದು. ಕಾಮಕಸ್ತೂರಿಯ ಬೀಜವನ್ನು ನೆನೆಹಾಕಿದಾಗ ಸುತ್ತ ಕಟ್ಟುವ ಲೋಳೆಯನ್ನು ನೀವು ಕಂಡಿದ್ದೀರಿ, ಇದೂ ಹಾಗೆಯೇ. ಪೂರ್ಣವಾಗಿ ನೆನೆದಾಗ ತನ್ನ ಒಣತೂಕದ ನೂರಾರು ಪಟ್ಟು ನೀರನ್ನು ಹಿಡಿದಿಡಬಲ್ಲದು. ಮಣ್ಣು ಒಣಗುತ್ತ ಬಂದಂತೆ ಕಣಕಣಗಳ ನಡುವಣ ನೀರಿನ ಎಳೆ ಕಡಿಯುತ್ತದೆ. ಆಗ ಈ ಲೋಳೆ ಬೇರಿಗೂ ಮಣ್ಣಿಗೂ ನಡುವೆ ತೆಳುವಾದ ಸೇತುವೆಯಾಗಿ ಉಳಿಯುತ್ತದೆ.

ಆಂದ್ರೆಯಾ ಕಾರ್ಮಿನಾತಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಕಣ್ಣಿಗೆ ಕಾಣಿಸಿತು. ಲೂಪಿನ್ ಎಂಬ ದ್ವಿದಳ ಗಿಡದ ಬೇರುಗಳನ್ನು ಅವರು ನ್ಯೂಟ್ರಾನ್ ಕಿರಣಗಳಿಂದ ಚಿತ್ರಿಸಿದರು. ನೀರಿರುವ ಎಡೆಯನ್ನು ಈ ಕಿರಣಗಳು ಸ್ಪಷ್ಟವಾಗಿ ತೋರಿಸುತ್ತವೆ. ಮಣ್ಣು ಒಣಗುತ್ತಿದ್ದಾಗ ಬೇರಿನ ಮಗ್ಗುಲಲ್ಲಿ ದೂರದ ಮಣ್ಣಿಗಿಂತ ಹೆಚ್ಚು ತೇವವಿತ್ತು. ಮರಳಿ ನೀರೆರೆದಾಗ ಸ್ಥಿತಿ ತಿರುವುಮುರುವಾಯಿತು: ದೂರದ ಮಣ್ಣು ಬೇಗ ನೆನೆಯಿತು, ಬೇರಿನ ಮಗ್ಗುಲ ಮಣ್ಣು ಒಣಗಿಯೇ ಉಳಿಯಿತು.

ಕಾಪಾಡುವ ಲೋಳೆಯೇ ಅಡ್ಡಿಯಾದುದು ಹೇಗೆ? ಪೂರ್ತಿ ಒಣಗಿದ ಲೋಳೆ ಮಣ್ಣಿನ ಕಣಗಳಿಗೆ ತೆಳ್ಳನೆಯ ಪೊರೆಯಾಗಿ ಅಂಟಿಕೊಳ್ಳುತ್ತದೆ. ಅದರ ಮೇಲೆ ಬಿದ್ದ ನೀರು ಕೆಸುವಿನೆಲೆಯ ಮೇಲಣ ಹನಿಯಂತೆ ಹರಡದೆ ನಿಲ್ಲುತ್ತದೆ. ಆದರೆ ಈ ಒಲ್ಲದತನ ಶಾಶ್ವತವಲ್ಲ. ತೇವ ತಾಗುತ್ತಲೇ ಇದ್ದರೆ ಲೋಳೆ ಮೆಲ್ಲನೆ ಉಬ್ಬಿ ಹಿಂದಿನಂತಾಗುತ್ತದೆ.

ನನ್ನ ಕುಂಡದ ಕಥೆಗೆ ಲೋಳೆಯೊಂದೇ ಕಾರಣವೆನ್ನಲಾರೆ. ಮಣ್ಣು ಕುಗ್ಗಿ ಅಂಚು ಬಿಟ್ಟಿತ್ತು. ಒಣಗಿದ ಎಲೆಗೊಬ್ಬರವೂ ನೀರನ್ನು ದೂಡುತ್ತದೆ. ಮದ್ದು ಮಾತ್ರ ಒಂದೇ: ತಾಳ್ಮೆ. ಅಂದು ಸಂಜೆಯವರೆಗೆ ಗಳಿಗೆಗೊಮ್ಮೆ ಬೊಗಸೆ ನೀರು ಚಿಮುಕಿಸಿದೆ. ಎಂಟನೆಯ ದಿನ ಗೆಣ್ಣೊಂದರಲ್ಲಿ ಹಸುರು ಕುಡಿ ಕಂಡಿತು.

ನನ್ನ ಪತ್ನಿ ಪ್ರತಿದಿನವೂ ಚೊಂಬಿನ ನೀರನ್ನು ಹೀಗೆಯೇ ನಿಂತು ನಿಂತು ಎರೆಯುತ್ತಿದ್ದಳು. ಕಾಫಿಗೆ ತಡವಾಯಿತೆಂದು ನಾನು ಗೊಣಗುತ್ತಿದ್ದೆ.