ಬರೆದದ್ದೊಂದು, ಆಗುವುದೊಂದು

1990ರ ದಶಕದ ಆರಂಭ. ಗಣಿತದಲ್ಲಿ ಸಂಶೋಧನೆ ನಡೆಸುತ್ತಿದ್ದ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಯುವಕ ತಾನು ಕಟ್ಟುತ್ತಿದ್ದ ಹೊಸದೊಂದು ಕಾರ್ಡ್ ಆಟವನ್ನು ಗೆಳೆಯರಿಗೆ ಕೊಟ್ಟು ಆಡಿಸಿ ನೋಡುತ್ತಿದ್ದರು. ಹೀಗೆ ಆಡುತ್ತಿದ್ದವರೊಬ್ಬರು, ಮುಂದಿನ ಸರದಿಯಲ್ಲಿ ಗೆಲುವನ್ನೇ ತಂದುಕೊಡುವ ಕಾರ್ಡ್ ತನ್ನ ಹತ್ತಿರ ಇದೆ ಎಂದರು. ಅಂಥದ್ದನ್ನು ಮಾಡಿದ ನೆನಪೇ ಗಾರ್ಫೀಲ್ಡ್‌ಗೆ ಇರಲಿಲ್ಲ. ತೆಗೆದು ನೋಡಿದರೆ ಅದರ ಮೇಲೆ ‘ಆಪೊನೆಂಟ್ ಲೂಸಸ್ ನೆಕ್ಸ್ಟ್ ಟರ್ನ್’ ಎಂದಿತ್ತು. ಎದುರಾಳಿಗೆ ಮುಂದಿನ ಸರದಿ ತಪ್ಪುತ್ತದೆ ಎಂದು ಬರೆದವರ ಲೆಕ್ಕ. ಮುಂದಿನ ಸರದಿಯಲ್ಲಿ ಎದುರಾಳಿ ಸೋಲುತ್ತಾನೆ ಎಂದು ಓದಿದವರ ಲೆಕ್ಕ. 1993ರಲ್ಲಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಮಾರುಕಟ್ಟೆಗೆ ಬಂದಾಗ ಆ ಕಾರ್ಡಿಗೆ ‘ಟೈಮ್ ವಾಕ್’ ಎಂಬ ಹೆಸರಿತ್ತು. ಈ ಸರದಿ ಮುಗಿದ ಮೇಲೆ ಇನ್ನೊಂದು ಸರದಿಯನ್ನೂ ನೀನೇ ಆಡು ಎಂದು ತಕರಾರಿಗೆ ಎಡೆಯಿಲ್ಲದಂತೆ ಬರೆಯಲಾಗಿತ್ತು.

ವಿಡಿಯೋ ಗೇಮ್‌ಗಳ ಸ್ಕಿಲ್ ಮತ್ತು ಪರ್ಕ್‌ಗಳ (ಅಂದರೆ ಪಾತ್ರಗಳಿಗೆ ಸಿಗುವ ವಿಶೇಷ ಸಾಮರ್ಥ್ಯಗಳ) ವಿವರಣೆಯ ಬಗ್ಗೆ ಹೇಳಹೊರಟು ಕಾಗದದ ಆಟದಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಕಾರ್ಡ್ ಆಟದಲ್ಲಿ ನಿಯಮವನ್ನು ಓದಿ ಜಾರಿಗೆ ತರಬೇಕಾದವರು ಎದುರುಬದುರು ಕೂತ ಇಬ್ಬರು ಮನುಷ್ಯರು. ಬರಹ ತಪ್ಪಿದರೆ ಜಗಳ ಅಲ್ಲೇ ಹುಟ್ಟುತ್ತದೆ. ಕಂಪ್ಯೂಟರಿನಲ್ಲಿ ಹಾಗಲ್ಲ. ಲೆಕ್ಕ ಮಾಡುವುದು ಒಳಗಿನ ಕೋಡ್. ಪರದೆಯ ಮೇಲಿನ ವಾಕ್ಯ ಆ ಲೆಕ್ಕಕ್ಕೆ ಹೊಂದದಿದ್ದರೂ ಆಟ ಸರಾಗವಾಗಿ ಓಡುತ್ತಲೇ ಇರುತ್ತದೆ. ಆಟಗಾರ ಸೋಲುತ್ತಾನೆ, ತನ್ನ ಕೈಚಳಕವೇ ಸಾಲದು ಎಂದುಕೊಳ್ಳುತ್ತಾನೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅಸ್ಪಷ್ಟ ವಿವರಣೆಗಳು ಬಾಳಿಕೊಂಡು ಬಂದದ್ದು ಈ ಸಂದಿನಲ್ಲೇ.

1987ರಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ‘ಫೈನಲ್ ಫ್ಯಾಂಟಸಿ’ ಹೊರತಂದಿತು. ಅದರಲ್ಲಿ ಪ್ರತಿ ಪಾತ್ರಕ್ಕೂ ‘ಬುದ್ಧಿ’ ಎಂಬ ಅಂಕಿಯಿದೆ. ಮಾಂತ್ರಿಕನಿಗೆ ಅದು ಹೆಚ್ಚಿದಷ್ಟೂ ಮಂತ್ರದ ಬಲ ಹೆಚ್ಚುತ್ತದೆ ಎಂದು ಯಾರಾದರೂ ನಂಬುತ್ತಾರೆ. ಮೊದಲ ಆವೃತ್ತಿಯಲ್ಲಿ ಆ ಅಂಕಿಯಿಂದ ಮಂತ್ರಕ್ಕೆ ಆಗುವುದು ಏನೂ ಇಲ್ಲ. 1996ರ ‘ಪೋಕೆಮಾನ್’ ಇನ್ನೂ ಒಂದು ಹೆಜ್ಜೆ ಮುಂದೆ. ಗೇಮ್‌ಬಾಯ್‌ನ ಪುಟ್ಟ ಪರದೆಯಲ್ಲಿ ಪಟ್ಟುಗಳ ಹೆಸರು ಕಾಣುತ್ತಿತ್ತು, ಅವು ಏನು ಮಾಡುತ್ತವೆ ಎಂಬ ವಿವರಣೆಯೇ ಇರಲಿಲ್ಲ. ‘ಫೋಕಸ್ ಎನರ್ಜಿ’ ಎಂಬ ಪಟ್ಟು ದುಪ್ಪಟ್ಟು ಏಟಿನ ಸಾಧ್ಯತೆಯನ್ನು ನಾಲ್ಕು ಪಟ್ಟು ಹೆಚ್ಚಿಸಬೇಕಿತ್ತು. ಕೋಡ್‌ನಲ್ಲಾದ ತಪ್ಪಿನಿಂದ ಅದನ್ನು ಕಾಲುಭಾಗಕ್ಕೆ ಇಳಿಸುತ್ತಿತ್ತು. ಅಂದರೆ ಅದನ್ನು ನಂಬಿ ಸರದಿ ಖರ್ಚು ಮಾಡಿದ ಮಗು ತನ್ನ ಪೋಕೆಮಾನನ್ನು ತಾನೇ ದುರ್ಬಲಗೊಳಿಸುತ್ತಿತ್ತು. ಪಟ್ಟುಗಳಿಗೆ ಒಂದೆರಡು ಸಾಲಿನ ವಿವರಣೆ ಬಂದದ್ದು 1999ರ ‘ಗೋಲ್ಡ್’ ಮತ್ತು ‘ಸಿಲ್ವರ್’ ಆವೃತ್ತಿಗಳಲ್ಲಿ.

ಕಾರ್ಟ್ರಿಜ್‌ನಲ್ಲಿ ಜಾಗ ಕಡಿಮೆ, ಪರದೆ ಚಿಕ್ಕದು. ಆ ಕಾಲದವರನ್ನು ಪೂರ್ತಿ ದೂರಲಾಗದು. ಜಾಗ ಧಾರಾಳವಾದ ಮೇಲೂ ಅಭ್ಯಾಸ ಬಿಡಲಿಲ್ಲ ಎಂಬುದೇ ನನ್ನ ಆಕ್ಷೇಪ. 2016ರಲ್ಲಿ ಮಾಂಟ್ರಿಯಲ್‌ನ ಬಿಹೇವಿಯರ್ ಸಂಸ್ಥೆ ತಂದ ‘ಡೆಡ್ ಬೈ ಡೇಲೈಟ್’ ನೋಡಿ. ಒಬ್ಬ ಕೊಲೆಗಾರ, ತಪ್ಪಿಸಿಕೊಂಡು ಓಡುವವರು ನಾಲ್ವರು. ಪ್ರತಿಯೊಬ್ಬರೂ ನಾಲ್ಕು ಪರ್ಕ್ ಆಯ್ದುಕೊಳ್ಳಬಹುದು. ಆರಂಭದ ವರ್ಷಗಳಲ್ಲಿ ಆ ಪರ್ಕ್‌ಗಳ ವಿವರಣೆಯಲ್ಲಿ ‘ಸ್ವಲ್ಪ’, ‘ಸಾಧಾರಣವಾಗಿ’, ‘ಗಣನೀಯವಾಗಿ’, ‘ಅಪಾರವಾಗಿ’ ಎಂಬಂಥ ಮಾತುಗಳೇ ತುಂಬಿದ್ದವು. ಸಾಧಾರಣ ಎಂದರೆ ನೂರಕ್ಕೆ ಹತ್ತೋ, ಮೂವತ್ತೋ? ಎರಡು ಪರ್ಕ್‌ಗಳಲ್ಲಿ ಇದೇ ಮಾತಿದ್ದರೆ ಎರಡರ ಬಲವೂ ಒಂದೆಯೋ? ಓದಿದವರಿಗೆ ಹೇಗೆ ಗೊತ್ತಾಗಬೇಕು? ಕ್ರಮೇಣ ಆ ಜಾಗಕ್ಕೆ ಸೆಕೆಂಡು, ಮೀಟರು, ಶೇಕಡಾ ಬಂದವು. ‘ಸ್ಪ್ರಿಂಟ್ ಬರ್ಸ್ಟ್’ ಎಂಬ ಪರ್ಕ್ ಈಗ ಶೇ 150ರ ವೇಗ, 3 ಸೆಕೆಂಡು ಎಂದು ನೇರವಾಗಿ ಹೇಳುತ್ತದೆ; ಬಳಸಿದ ಮೇಲೆ ‘ಎಕ್ಸಾಸ್ಟೆಡ್’ ಎಂಬ ಸ್ಥಿತಿ ಬರುತ್ತದೆ ಎಂದೂ ತಿಳಿಸುತ್ತದೆ. ಆ ಸ್ಥಿತಿ ಇರುವಷ್ಟು ಹೊತ್ತು ಇದೇ ಬಗೆಯ ಬೇರೆ ಪರ್ಕ್ ಕೂಡ ಕೆಲಸ ಮಾಡುವುದಿಲ್ಲ. ನಿಯಮವನ್ನು ಒಂದು ಕಡೆ ವಿವರಿಸಿ, ಎಲ್ಲ ಕಡೆ ಒಂದೇ ಹೆಸರಿನಿಂದ ಕರೆಯುವ ಈ ಕ್ರಮವನ್ನು ಕಾಗದದ ಆಟ ಎಂದೋ ಕಲಿತಿತ್ತು. ದಾಳಿ ಮಾಡಿದರೂ ಈ ಕಾರ್ಡನ್ನು ಅಡ್ಡ ತಿರುಗಿಸಬೇಕಿಲ್ಲ ಎಂಬ ಉದ್ದನೆಯ ಸಾಲು ‘ಮ್ಯಾಜಿಕ್’ ಕಾರ್ಡುಗಳ ಮೇಲೆ 1993ರಿಂದಲೂ ಇತ್ತು. 2004ರಲ್ಲಿ ಅದು ‘ವಿಜಿಲೆನ್ಸ್’ ಎಂಬ ಒಂದೇ ಪದಕ್ಕೆ ಇಳಿಯಿತು.

ಸಂಸ್ಥೆಗಳನ್ನು ಈ ದಾರಿಗೆ ಎಳೆದು ತಂದವರು ಆಟಗಾರರೇ. 2004ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದ ಮೇಲೆ ಸಾವಿರಾರು ಜನ ಏಟುಗಳ ದಾಖಲೆ ಇಟ್ಟು, ಕೋಷ್ಟಕ ಬರೆದು, ಒಳಗಿನ ಸೂತ್ರಗಳನ್ನು ಹೊರಗೆಳೆದರು. ಇಡೀ ಕಾಳಗವನ್ನು ಮತ್ತೆ ಮತ್ತೆ ಓಡಿಸಿ ಸರಾಸರಿ ತೆಗೆಯುವ ‘ಸಿಮ್ಯುಲೇಷನ್‌ಕ್ರಾಫ್ಟ್’ ಎಂಬ ತಂತ್ರಾಂಶವನ್ನು ಆಸಕ್ತರೇ ಬರೆದು ಎಲ್ಲರಿಗೂ ತೆರೆದಿಟ್ಟರು. ಸಂಬಳವಿಲ್ಲದೆ ನಡೆದ ಈ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವ. ಆದರೆ ಅದರ ಫಲ ಸಿಕ್ಕಿದ್ದು ಹುಡುಕಿ ಓದುವಷ್ಟು ಪುರುಸೊತ್ತು ಇದ್ದವರಿಗೆ. ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಆಡುವವರು ಪರದೆಯ ಮೇಲಿನ ವಾಕ್ಯವನ್ನೇ ನಂಬಿಕೊಂಡಿದ್ದರು.

ಅಂಕಿ ಕೊಟ್ಟ ಮಾತ್ರಕ್ಕೆ ಎಲ್ಲವೂ ಸ್ಪಷ್ಟವಾಯಿತೆಂದೂ ಅಲ್ಲ. ನ್ಯೂಜಿಲೆಂಡ್‌ನಲ್ಲಿ ತಯಾರಾಗಿ 2013ರಲ್ಲಿ ಬಂದ ‘ಪಾತ್ ಆಫ್ ಎಕ್ಸೈಲ್’ನಲ್ಲಿ ‘50% ಇನ್‌ಕ್ರೀಸ್ಡ್’ ಬೇರೆ, ‘50% ಮೋರ್’ ಬೇರೆ. ಮೊದಲನೆಯ ಬಗೆಯವನ್ನು ಒಟ್ಟಿಗೆ ಕೂಡಿಸುತ್ತಾರೆ, ಎರಡನೆಯವನ್ನು ಒಂದರ ಮೇಲೊಂದು ಗುಣಿಸುತ್ತಾರೆ. ಮೂಲ ಏಟು 100 ಎಂದಿಟ್ಟುಕೊಳ್ಳಿ. ಮೊದಲ ಬಗೆಯ ಮೂರು ಸೇರಿದರೆ 250. ಎರಡನೆಯ ಬಗೆಯ ಮೂರು ಸೇರಿದರೆ 337 ದಾಟುತ್ತದೆ. ನಿಯಮ ಕಟ್ಟುನಿಟ್ಟಾಗಿದೆ, ಆಟದ ಉದ್ದಕ್ಕೂ ಪಾಲನೆಯಾಗುತ್ತದೆ. ಆದರೆ ಯಾರಾದರೂ ಬಿಡಿಸಿ ಹೇಳುವವರೆಗೂ ಹೊಸಬರಿಗೆ ಅದರ ಸುಳಿವೇ ಹತ್ತುವುದಿಲ್ಲ.

ಈ ಗಂಟನ್ನು ಬಿಚ್ಚಿದ್ದರಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ‘ಸ್ಲೇ ದ ಸ್ಪೈರ್’. ಆಂಥನಿ ಜೊವಾನೆಟ್ಟಿ ಮತ್ತು ಕೇಸಿ ಯಾನೋ ಕಟ್ಟಿದ, 2019ರಲ್ಲಿ ಪೂರ್ಣರೂಪಕ್ಕೆ ಬಂದ ಈ ಆಟವೂ ಕಾರ್ಡ್ ಆಟವೇ, ಆಡುವುದು ಕಂಪ್ಯೂಟರಿನಲ್ಲಿ. ಇಲ್ಲಿ ಶತ್ರುವಿನ ತಲೆಯ ಮೇಲೆ ಅದರ ಮುಂದಿನ ನಡೆ ಕಾಣುತ್ತದೆ: ಒಂದು ಆಯುಧದ ಚಿತ್ರ, ಪಕ್ಕದಲ್ಲಿ 11. ನೀವು ಆ ಶತ್ರುವಿಗೆ ‘ವೀಕ್’ ಹಾಕಿದರೆ ಅದರ ಏಟು ಕಾಲುಭಾಗ ಇಳಿಯುತ್ತದೆ, ತಲೆಯ ಮೇಲಿನ 11 ಆ ಕ್ಷಣವೇ 8 ಆಗುತ್ತದೆ. ನಿಮ್ಮ ಕೈಯಲ್ಲಿರುವ ‘ಸ್ಟ್ರೈಕ್’ ಕಾರ್ಡಿನ ಬಲ 6. ‘ವಲ್ನರಬಲ್’ ಆದ, ಅಂದರೆ ಹೆಚ್ಚು ಏಟು ತಿನ್ನುವ ಸ್ಥಿತಿಯಲ್ಲಿರುವ ಶತ್ರುವಿನತ್ತ ಅದನ್ನು ಎಳೆದರೆ, ಹೊಡೆಯುವ ಮೊದಲೇ ಅಂಕಿ ಹಸಿರು ಬಣ್ಣದ 9 ಆಗಿ ತೋರುತ್ತದೆ. ವಾಕ್ಯ ಮತ್ತು ಲೆಕ್ಕದ ನಡುವಿನ ಸಂದು ಇಲ್ಲಿ ಮುಚ್ಚಿಹೋಗಿದೆ. ಸೋತರೆ ಯಾವ ನಡೆಯಲ್ಲಿ ಎಡವಿದೆ ಎಂದು ನಿಮಗೇ ಗೊತ್ತಾಗುತ್ತದೆ.

ಮರುವರ್ಷ ಸ್ವೀಡನ್ನಿನ ಪ್ಯಾರಡಾಕ್ಸ್ ‘ಕ್ರುಸೇಡರ್ ಕಿಂಗ್ಸ್ 3’ರಲ್ಲಿ ಬೇರೊಂದು ದಾರಿ ಹಿಡಿಯಿತು. ಮಧ್ಯಯುಗದ ರಾಜ್ಯಭಾರದ ಆಟವದು, ನೂರಾರು ಪಾರಿಭಾಷಿಕ ಪದಗಳು. ಮೌಸ್‌ನ ಬಾಣವನ್ನು ಪದದ ಮೇಲಿಟ್ಟರೆ ವಿವರಣೆಯ ಪೆಟ್ಟಿಗೆ ತೆರೆಯುತ್ತದೆ. ಅದರೊಳಗಿನ ಪದದ ಮೇಲಿಟ್ಟರೆ ಇನ್ನೊಂದು. ಬೇಕಾದವರು ಆಳಕ್ಕಿಳಿಯಬಹುದು, ಬೇಡದವರು ಮೊದಲ ಸಾಲಿಗೇ ನಿಲ್ಲಬಹುದು.

ಇಷ್ಟೆಲ್ಲ ಆದರೂ ಮುಚ್ಚಿಡುವುದನ್ನು ಬಲವಾಗಿ ಸಮರ್ಥಿಸುವ ಆಟಗಳಿವೆ. 2002ರ ‘ಫೈರ್ ಎಂಬ್ಲಮ್: ದ ಬೈಂಡಿಂಗ್ ಬ್ಲೇಡ್’ ಪರದೆಯ ಮೇಲೆ ಶೇ 90 ಎಂದು ತೋರಿಸಿದಾಗ ಏಟು ತಗಲುವ ನಿಜವಾದ ಸಾಧ್ಯತೆ ಶೇ 98. ಎರಡು ಯಾದೃಚ್ಛಿಕ ಸಂಖ್ಯೆಗಳ ಸರಾಸರಿ ತೆಗೆಯುವುದರಿಂದ ಹೀಗಾಗುತ್ತದೆ. ತೊಂಬತ್ತು ಎಂದರೆ ಖಚಿತ ಎಂದೇ ಹೆಚ್ಚಿನವರು ಭಾವಿಸುವುದರಿಂದ, ಈ ಸುಳ್ಳು ಆಡುವವರಿಗೆ ನ್ಯಾಯವಾಗಿಯೇ ಕಾಣುತ್ತದೆ. ನಾನಿದನ್ನು ಒಪ್ಪಲಾರೆ. ಶೇ 10ರ ಅದೃಷ್ಟವನ್ನು ನೆಚ್ಚಿ ಕೊನೆಯ ಏಟು ಹೊಡೆಯುವವನಿಗೆ ಅದೇ ಲೆಕ್ಕ ಸಿಗಿಸುವುದು ಬರೀ ಶೇ 2.

ಎಡ್ಮಂಡ್ ಮ್ಯಾಕ್‌ಮಿಲನ್ ಅವರ ‘ದ ಬೈಂಡಿಂಗ್ ಆಫ್ ಐಸಾಕ್’ನ ವಾದ ಮಾತ್ರ ನನಗೆ ಒಪ್ಪಿಗೆ. 2011ರ ಈ ಆಟದಲ್ಲಿ ವಸ್ತುವನ್ನು ಎತ್ತಿಕೊಂಡ ಮೇಲಷ್ಟೇ ಒಗಟಿನಂಥ ಒಂದು ತುಂಡು ವಾಕ್ಯ ಮಿಂಚಿ ಮಾಯವಾಗುತ್ತದೆ. ಅದು ಏನು ಮಾಡುತ್ತದೆಂದು ಆಡಿಯೇ ತಿಳಿಯಬೇಕು, ಆ ಪತ್ತೆದಾರಿಕೆಯೇ ಆಟ. ಅದಕ್ಕೂ ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ನೆಲದ ಮೇಲಿರುವಾಗಲೇ ವಸ್ತುವಿನ ಪೂರ್ತಿ ವಿವರ ತೋರಿಸುವ ‘ಎಕ್ಸ್‌ಟರ್ನಲ್ ಐಟಂ ಡಿಸ್ಕ್ರಿಪ್ಷನ್ಸ್’ ಎಂಬ ಮಾಡ್ ಅನ್ನು, ಅಂದರೆ ಆಟಕ್ಕೆ ಹೊರಗಿನಿಂದ ಸೇರಿಸಿಕೊಳ್ಳುವ ತುಣುಕನ್ನು, ಅವರೇ ಬರೆದರು. ಹೊಸದಾಗಿ ಆಡುವವರು ಕೇಳಿದರೆ, ಕೆಲವು ವಾರ ಅದಿಲ್ಲದೆ ಆಡಿ, ಗೊತ್ತಿರುವ ವಸ್ತುಗಳ ವಿವರವೂ ಮರೆಯತೊಡಗಿದಾಗ ಹಾಕಿಕೊಳ್ಳಿ ಎನ್ನುತ್ತೇನೆ.