ಹೊರನಾಡಿನ ಬಾಗಿಲಲ್ಲಿ

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ಬೀದಿಯ ನಿವೃತ್ತ ಅಂಚೆ ಮಾಸ್ತರರೊಬ್ಬರು ಮಗನ ಪಾಸ್‌ಪೋರ್ಟನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಪ್ರವಾಸಿ ವೀಸಾ ಪಡೆದು ಪರದೇಶಕ್ಕೆ ಹೋಗಿದ್ದ ಹುಡುಗನನ್ನು ಅಲ್ಲಿಯ ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಿದ್ದರು. ಅವನ ಚೀಲದಲ್ಲಿ ಪದವಿ ಪತ್ರಗಳೂ ಕೆಲಸಕ್ಕೆ ಸೇರುವ ವಿಚಾರದ ಒಂದು ಕಾಗದವೂ ಸಿಕ್ಕಿದ್ದುವಂತೆ. “ವೀಸಾ ಕೊಟ್ಟವರೂ ಅವರೇ, ಬಾಗಿಲು ಹಾಕಿದವರೂ ಅವರೇ. ಇದು ಯಾವ ನ್ಯಾಯ, ಸ್ವಾಮಿ? ಅಲ್ಲಿ ನಮ್ಮ ಸರ್ಕಾರದ ಕಚೇರಿ ಇದೆಯಲ್ಲ, ಅವರೇನು ಮಾಡುತ್ತಿದ್ದರು?” ಎಂದು ಕೇಳಿದರು. ಎರಡೂ ಸಹಜವಾದ ಪ್ರಶ್ನೆಗಳೇ. ಅಂದು ನಾನಿತ್ತ ಉತ್ತರ ಅವರಿಗೆ ಸಮಾಧಾನ ತರಲಿಲ್ಲ. ಅದನ್ನೇ ಇಂದು ತುಸು ವಿಸ್ತಾರವಾಗಿ ಹೇಳಲು ಯತ್ನಿಸುತ್ತೇನೆ.

ವೀಸಾ ಎಂಬುದು ಲ್ಯಾಟಿನ್ ಮೂಲದ ಮಾತು. ‘ನೋಡಲಾಗಿದೆ’ ಎಂಬುದಷ್ಟೇ ಅದರ ಅರ್ಥ. ಅಧಿಕಾರಿಯೊಬ್ಬ ಈ ಕಾಗದವನ್ನು ನೋಡಿದ್ದಾನೆ, ಅವನಿಗೆ ಆಕ್ಷೇಪಣೆ ಕಂಡಿಲ್ಲ ಎಂಬುದರ ಗುರುತು ಅದು. ನಮ್ಮ ಪಾಸ್‌ಪೋರ್ಟನ್ನು ತೆರೆದು ನೋಡಿದರೆ, ಈ ವ್ಯಕ್ತಿಯನ್ನು ಅಡ್ಡಿಯಿಲ್ಲದೆ ಹೋಗಗೊಡಬೇಕು, ಅಗತ್ಯವಾದ ನೆರವು ನೀಡಬೇಕು ಎಂದು ಭಾರತದ ರಾಷ್ಟ್ರಪತಿಗಳ ಹೆಸರಿನಲ್ಲಿ ಮಾಡಿದ ಕೋರಿಕೆಯೊಂದು ಕಾಣುತ್ತದೆ. ಅದು ಕೋರಿಕೆಯೇ ಹೊರತು ಆಜ್ಞೆಯಲ್ಲ. ಆ ಕೋರಿಕೆಗೆ ಮತ್ತೊಂದು ದೇಶ ದೂರದಿಂದಲೇ ಕೊಡುವ ಮೊದಲ ಉತ್ತರ ವೀಸಾ. ಕೊನೆಯ ಉತ್ತರವನ್ನು ಗಡಿಯಲ್ಲಿ ಕುಳಿತ ಅಧಿಕಾರಿ ಕೊಡುತ್ತಾನೆ. ಅಮೆರಿಕ ಸಂಯುಕ್ತ ಸಂಸ್ಥಾನದ ನಿಯಮವಂತೂ ಇದನ್ನು ಮುಚ್ಚಿಡುವುದಿಲ್ಲ: ವೀಸಾ ಇದ್ದವನು ಅಲ್ಲಿಯ ಬಂದರಿಗೋ ವಿಮಾನ ನಿಲ್ದಾಣಕ್ಕೋ ಹೋಗಿ ಪ್ರವೇಶವನ್ನು ಬೇಡಬಹುದು, ಅಷ್ಟೆ. ಎಷ್ಟು ದಿನ ಇರಬಹುದೆಂಬುದನ್ನೂ ಅಲ್ಲಿಯೇ ಗೊತ್ತುಮಾಡುತ್ತಾರೆ. ವೀಸಾದ ಮೇಲಿನ ಕೊನೆಯ ದಿನಾಂಕವನ್ನೇ ವಾಸದ ಅವಧಿಯೆಂದು ಭಾವಿಸಿ ತೊಂದರೆಗೆ ಸಿಕ್ಕಿಕೊಂಡ ಓದುಬರಹ ಬಲ್ಲವರನ್ನೂ ನಾನು ಕಂಡಿದ್ದೇನೆ.

ಲೋಕ ಎಂದೂ ಹೀಗೆಯೇ ಇತ್ತೆಂದಲ್ಲ. 1914ಕ್ಕೆ ಮುಂಚೆ ತಾವು ಪಾಸ್‌ಪೋರ್ಟಿಲ್ಲದೆಯೇ ಭಾರತಕ್ಕೂ ಅಮೆರಿಕಕ್ಕೂ ಹೋಗಿಬಂದುದನ್ನು ಆಸ್ಟ್ರಿಯಾದ ಲೇಖಕ ಸ್ಟೀಫನ್ ಜ್ವೈಗ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆದರೆ ಆ ಸುಖ ಎಲ್ಲ ಬಣ್ಣದವರಿಗೂ ಇರಲಿಲ್ಲ. ಅದೇ 1914ರಲ್ಲಿ ಕೊಮಗಾಟ ಮಾರು ಎಂಬ ಹಡಗಿನಲ್ಲಿ 376 ಮಂದಿ ಭಾರತೀಯರು ಕೆನಡಾದ ವ್ಯಾಂಕೂವರನ್ನು ತಲುಪಿದರು. ಅವರಲ್ಲಿ ಬಹುತೇಕರಿಗೆ ನೆಲದ ಮೇಲೆ ಕಾಲಿಡಲು ಅನುಮತಿ ಸಿಗಲಿಲ್ಲ. ಹಡಗು ಎರಡು ತಿಂಗಳು ನೀರಿನಲ್ಲೇ ನಿಂತು ಹಿಂದಿರುಗಿತು. ಮಹಾಯುದ್ಧದ ಕಾಲಕ್ಕೆಂದು ಬಂದ ಕಾಗದಪತ್ರದ ಕಾವಲು ಯುದ್ಧ ಮುಗಿದ ಮೇಲೂ ಉಳಿಯಿತು. ಪಾಸ್‌ಪೋರ್ಟು ಪುಸ್ತಕದ ರೂಪದಲ್ಲಿರಬೇಕೆಂದು 1920ರಲ್ಲಿ ಪ್ಯಾರಿಸ್ಸಿನಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ನಡೆದ ಸಮ್ಮೇಳನ ಸೂಚಿಸಿತು.

ಇನ್ನು ಹಕ್ಕಿನ ಮಾತು. ವಿಶ್ವಸಂಸ್ಥೆ 1948ರಲ್ಲಿ ಹೊರಡಿಸಿದ ಮಾನವ ಹಕ್ಕುಗಳ ಘೋಷಣೆಯ 13ನೆಯ ವಿಧಿ, ಪ್ರತಿಯೊಬ್ಬನಿಗೂ ಯಾವುದೇ ದೇಶವನ್ನು ಬಿಟ್ಟು ಹೋಗುವ ಮತ್ತು ತನ್ನ ದೇಶಕ್ಕೆ ಮರಳುವ ಹಕ್ಕುಂಟೆಂದು ಸಾರುತ್ತದೆ. ಪರದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ತೀರ್ಪಿತ್ತಿತು. ಅದುವರೆಗೆ ಪಾಸ್‌ಪೋರ್ಟು ಕೊಡುವುದೂ ಬಿಡುವುದೂ ಸರ್ಕಾರದ ಇಚ್ಛೆಗೆ ಸೇರಿದ ಸಂಗತಿಯಾಗಿತ್ತು. ಆ ವರ್ಷವೇ ಪಾಸ್‌ಪೋರ್ಟ್ ಕಾಯಿದೆ ಬಂದಿತು. ಹೀಗೆ ಹೊರಡುವುದು ಹಕ್ಕು, ಮರಳುವುದು ಹಕ್ಕು; ನಡುವಿನ ಪ್ರವೇಶ ಮಾತ್ರ ಆತಿಥೇಯನ ಅನುಗ್ರಹ. ಮಾಸ್ತರರ ಮೊದಲ ಪ್ರಶ್ನೆಗೆ ಇದಕ್ಕಿಂತ ಮೃದುವಾದ ಉತ್ತರ ನನ್ನಲ್ಲಿರಲಿಲ್ಲ.

ಎರಡನೆಯದು ನಮ್ಮ ಕಚೇರಿಯ ಪ್ರಶ್ನೆ. ರಾಯಭಾರಿ ಸರ್ಕಾರದೊಡನೆ ವ್ಯವಹರಿಸುವವನು. ಪ್ರಜೆಗಳ ಕಷ್ಟಸುಖಗಳನ್ನು ನೋಡುವವನು ಕಾನ್ಸುಲ್. ಅವನ ಅಧಿಕಾರವನ್ನು 1963ರ ವಿಯೆನ್ನಾ ಒಪ್ಪಂದ ವಿವರಿಸುತ್ತದೆ. ಮತ್ತೊಂದು ದೇಶ ಪ್ರವೇಶವನ್ನು ನಿರಾಕರಿಸಿದರೆ ಅದನ್ನು ತಿರುಗಿಸುವ ಬಲ ಅವನಿಗಿಲ್ಲ. ಸೆರೆಯಾದವನನ್ನು ಬಿಡಿಸಿಕೊಂಡು ಬರಲಾರ, ನ್ಯಾಯಾಲಯದಲ್ಲಿ ವಕೀಲನಾಗಿ ನಿಲ್ಲಲಾರ. ಸೆರೆಮನೆಗೆ ಹೋಗಿ ನಮ್ಮವನನ್ನು ಕಂಡು ಮಾತಾಡಬಲ್ಲ, ವಕೀಲರ ಏರ್ಪಾಟು ಮಾಡಬಲ್ಲ, ಊರಿಗೆ ಸುದ್ದಿ ಮುಟ್ಟಿಸಬಲ್ಲ. ಸತ್ತವರ ದೇಹವನ್ನು ತಾಯ್ನಾಡಿಗೆ ಕಳುಹಿಸಲು ಬೇಕಾದ ಪತ್ರಗಳನ್ನು ಒದಗಿಸಬಲ್ಲ. ಕೇಳಲು ಅಲ್ಪವೆನಿಸಬಹುದು. ಭಾಷೆ ತಿಳಿಯದ ಸೆರೆಯಲ್ಲಿ ತನ್ನ ನುಡಿಯಾಡುವ ಒಬ್ಬ ಮನುಷ್ಯನ ಮುಖ ಕಾಣುವುದು ಅಲ್ಪವಲ್ಲ.

ಆ ಒಪ್ಪಂದದ 36ನೆಯ ವಿಧಿಯನ್ನು ಪ್ರಯಾಣಿಕರೆಲ್ಲ ತಿಳಿದಿರುವುದು ಒಳ್ಳೆಯದು. ವಿದೇಶೀಯನನ್ನು ಬಂಧಿಸಿದ ಅಧಿಕಾರಿಗಳು ಈ ಹಕ್ಕನ್ನು ತಡಮಾಡದೆ ಅವನಿಗೆ ತಿಳಿಸಬೇಕು. ಅವನು ಬಯಸಿದರೆ ಅವನ ದೇಶದ ಕಾನ್ಸುಲನಿಗೆ ಸುದ್ದಿ ಕೊಡಬೇಕು. ‘ಬಯಸಿದರೆ’ ಎಂಬಲ್ಲಿಯೇ ತೊಡಕು. ಕೇಳಬೇಕಾದವನು ಬಂಧಿತ; ತನಗೆ ಕೇಳುವ ಹಕ್ಕುಂಟೆಂದು ಅವನಿಗೆ ಗೊತ್ತಿರಬೇಕಲ್ಲ. ಅಮೆರಿಕದ ಆರಿಜೋನಾದಲ್ಲಿ 1982ರಲ್ಲಿ ಬಂಧಿತರಾದ ಜರ್ಮನಿಯ ಲಾಗ್ರಾಂಡ್ ಸೋದರರಿಗೆ ಇದನ್ನು ಸಕಾಲದಲ್ಲಿ ಹೇಳಲೇ ಇಲ್ಲ. 1999ರಲ್ಲಿ ಇಬ್ಬರಿಗೂ ಮರಣದಂಡನೆಯಾಯಿತು. ಇದು ದೇಶದೇಶಗಳ ನಡುವಣ ಉಪಚಾರವಷ್ಟೇ ಅಲ್ಲ, ವ್ಯಕ್ತಿಯ ಹಕ್ಕು ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟದ್ದು 2001ರಲ್ಲಿ; ಸೋದರರ ಪಾಲಿಗೆ ಎರಡು ವರ್ಷ ತಡವಾಗಿ. ಪಾಕಿಸ್ತಾನದ ಸೆರೆಯಲ್ಲಿದ್ದ ಕುಲಭೂಷಣ ಜಾಧವರ ವಿಷಯದಲ್ಲಿ ಭಾರತ ಅದೇ ನ್ಯಾಯಾಲಯಕ್ಕೆ ಹೋದಾಗ, 2019ರ ತೀರ್ಪೂ ಇದೇ ವಿಧಿಯ ಉಲ್ಲಂಘನೆಯನ್ನು ಎತ್ತಿ ತೋರಿಸಿತು.

ಒಮ್ಮೊಮ್ಮೆ ಸರ್ಕಾರ ಕಚೇರಿಯ ಮೇಜನ್ನು ಬಿಟ್ಟೆದ್ದು ಬರುವುದೂ ಉಂಟು. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ, ಗಿಡಮೂಲಿಕೆಯ ಔಷಧಿ ಮಾರಲು ಹೋಗಿದ್ದ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಕಾವೇರಿಯ ಹೆಸರಿಟ್ಟ ಕಾರ್ಯಾಚರಣೆಯಲ್ಲಿ 3,800ಕ್ಕೂ ಹೆಚ್ಚು ಮಂದಿಯನ್ನು ಹಡಗು, ವಿಮಾನಗಳಲ್ಲಿ ಹೊರತಂದರು. ಪೋರ್ಟ್ ಸುಡಾನಿನಿಂದ ಕೆಂಪು ಸಮುದ್ರವನ್ನು ದಾಟಿಸಿ ಜೆಡ್ಡಾಕ್ಕೆ ಒಯ್ದು, ಅಲ್ಲಿಂದ ಬಹುಮಂದಿಯನ್ನು ಊರಿಗೆ ಕಳುಹಿಸಿದರು.

ಅಷ್ಟು ದೊಡ್ಡ ಸಂಕಟವಿಲ್ಲದೆ, ಪಾಸ್‌ಪೋರ್ಟನ್ನು ಕಳೆದುಕೊಂಡು ಬರಿಗೈಯಲ್ಲಿ ನಿಂತ ಒಂಟಿ ಪ್ರಯಾಣಿಕನಿಗೂ ನಮ್ಮ ಕಚೇರಿ ಒಂದು ಕಾಗದವನ್ನು ಕೊಡುತ್ತದೆ. ತುರ್ತು ಪ್ರಮಾಣಪತ್ರವೆಂದು ಅದರ ಹೆಸರು. ಅದು ಒಂದೇ ಸಲದ, ಒಂದೇ ದಿಕ್ಕಿನ ಪಯಣಕ್ಕೆ. ಅದನ್ನು ಹಿಡಿದುಕೊಂಡು ಭಾರತಕ್ಕೆ ಬರಬಹುದು, ಮತ್ತೆಲ್ಲಿಗೂ ಹೋಗಲಾಗದು.