ನಾಲ್ಕು ಜನ ಏನಂದಾರು?

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹಸುಗೂಸೊಂದು ತೀರಿಕೊಂಡಿತು. ಹೆರಿಗೆಯ ಸೂತಕವೆಂದು ಬಾಣಂತಿಯನ್ನೂ ಕೂಸನ್ನೂ ಹಟ್ಟಿಯಾಚೆಯ ಗುಡಿಸಲಲ್ಲಿ ಇರಿಸಿದ್ದರು. ಮಳೆಗಾಲದ ಥಂಡಿಗೆ ಕೂಸು ಕಾಯಿಲೆ ಬಿತ್ತು. ಜಿಲ್ಲಾಸ್ಪತ್ರೆಗೆ ತಂದರೂ ಉಳಿಯಲಿಲ್ಲ. ಅದೇ ವರ್ಷ ಗುಬ್ಬಿಯ ನ್ಯಾಯಾಧೀಶೆ ಉಂಡಿ ಮಂಜುಳಾ ಶಿವಪ್ಪ ಅವರು ವರದೇನಹಳ್ಳಿ ಗೊಲ್ಲರಹಟ್ಟಿಗೆ ಖುದ್ದಾಗಿ ಹೋಗಿ, ಇಂಥದ್ದೇ ಗುಡಿಸಲಲ್ಲಿದ್ದ ತಾಯಿ-ಮಗುವನ್ನು ಮನೆ ಸೇರಿಸಿದರು. ಸುದ್ದಿ ಓದಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಸ್ವಂತ ಅಜ್ಜ-ಅಜ್ಜಿಯೇ ಮೊಮ್ಮಗುವನ್ನು ಹೀಗೆ ಹೊರಗಿಡಲು ಮನಸ್ಸಾದರೂ ಹೇಗೆ ಬಂತು? ಮೂಢನಂಬಿಕೆ, ಅನಕ್ಷರತೆ ಎಂಬ ಉತ್ತರ ಬಾಯಿಗೆ ಬೇಗ ಬರುತ್ತದೆ, ಆದರೆ ಅದು ಅರ್ಧ ಉತ್ತರ. ನಂಬಿಕೆಯೆಂದು ನಮಗೆ ಕಾಣುವುದರಲ್ಲಿ ದೊಡ್ಡ ಪಾಲು ಪಕ್ಕದ ಮನೆಯವರ ಕಣ್ಣಿನ ಭಯ. ಒಬ್ಬೊಬ್ಬರನ್ನೇ ಹಿಡಿದು ಬುದ್ಧಿ ಹೇಳಿದರೆ ಆ ಭಯ ಹೋಗುವುದಿಲ್ಲ.

ಗೊಲ್ಲರಹಟ್ಟಿ, ಅಂದರೆ ಕಾಡುಗೊಲ್ಲ ಸಮುದಾಯದ ವಸತಿ, ಹೇಗಿರುತ್ತದೆಂದು ನೋಡಿದರೆ ಇದು ತಿಳಿಯುತ್ತದೆ. ಮೊದಲು ಸುತ್ತ ಮುಳ್ಳುಬೇಲಿ ಇರುತ್ತಿತ್ತು. ಒಳಗೆ ದೇವರ ಗುಡಿ, ಅದರ ಆಸುಪಾಸಿಗೇ ಮನೆಗಳು. ಜುಂಜಪ್ಪನಂಥ ದೇವರು ನೆಲೆಸಿದ ಜಾಗಕ್ಕೆ ಮುಟ್ಟಾದವರು, ಬಾಣಂತಿಯರು ಕಾಲಿಟ್ಟರೆ ಕೇಡು ಆ ಮನೆಯೊಂದಕ್ಕೇ ಅಲ್ಲ, ಇಡೀ ಹಟ್ಟಿಗೆ ಎಂಬುದು ಕಟ್ಟಳೆ. ಒಂದು ಮನೆ ತಪ್ಪಿದರೆ ಎಲ್ಲರ ಕುರಿಗೂ ರೋಗ ಎಂದಾದಾಗ ಪ್ರತಿ ಮನೆಯೂ ಪಕ್ಕದ ಮನೆಗೆ ಕಾವಲು ಕೂರುತ್ತದೆ. ಸೊಸೆಯನ್ನು ಸೋಗೆಯ ಗುಡಿಸಲಿಗೆ ಕಳಿಸುವ ಅತ್ತೆ ಒಂದು ಕಾಲಕ್ಕೆ ಅಂಥದೇ ಗುಡಿಸಲಲ್ಲಿ ನಡುಗಿ ಮಲಗಿದ್ದವಳು. ಪೂಜಾರಿ, ಯಜಮಾನರ ಮಾತಿಗೆ ಬಲ ಬರುವುದು ಜನ ನಡೆದುಕೊಳ್ಳುವುದರಿಂದ. ಜನ ನಡೆದುಕೊಳ್ಳುವುದು ಆ ಮಾತಿಗೆ ಅಂಜಿ. ಮೊದಲು ಬಿಡಬೇಕಾದವರು ಯಾರು ಎಂಬುದು ಇತ್ಯರ್ಥವಾಗುವುದೇ ಇಲ್ಲ.

ಗುಂಪಿನ ಈ ಬಿಗಿಯನ್ನು ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ 1950ರ ದಶಕದಲ್ಲಿ ಸರಳವಾಗಿ ಅಳೆದ. ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸ. ಒಬ್ಬನೇ ಕೂತರೆ ಯಾರೂ ತಪ್ಪುವಂಥದ್ದಲ್ಲ. ಜೊತೆಗಿದ್ದವರು ಮೊದಲೇ ಮಾತಾಡಿಕೊಂಡು ಒಂದೇ ದನಿಯಲ್ಲಿ ತಪ್ಪು ಹೇಳಿದಾಗ ಮಾತ್ರ, ಸುಮಾರು ಮೂರರಲ್ಲೊಂದು ಸಲ ಆ ವ್ಯಕ್ತಿಯೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಉತ್ತರವನ್ನೇ ಹೇಳಿದ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಮುಂದಿನ ಫಲಿತಾಂಶ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೆ ಸಾಕು, ಈ ಮಣಿಯುವಿಕೆ ಶೇ 5ರ ಆಸುಪಾಸಿಗೆ ಕುಸಿಯಿತು. ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಶುರುಮಾಡಿದ ಪ್ರಯೋಗ ಅಧಿಕಾರದ ಕುರಿತದ್ದು. ಬೂದುಬಣ್ಣದ ಕೋಟು ತೊಟ್ಟ ಮೇಲ್ವಿಚಾರಕ ‘ಮುಂದುವರಿಸಿ’ ಎಂದದ್ದಕ್ಕೆ 40 ಜನರಲ್ಲಿ 26 ಮಂದಿ, ಇನ್ನೊಬ್ಬನಿಗೆ ಶಾಕ್ ತಗಲುತ್ತಿದೆಯೆಂದು ನಂಬಿಯೂ (ನಿಜಕ್ಕೂ ಶಾಕ್ ಇರಲಿಲ್ಲ) 450 ವೋಲ್ಟಿನ ಕೊನೆಯ ಸ್ವಿಚ್ ಒತ್ತಿದರು. ಜೊತೆಯ ಇಬ್ಬರು ಎದುರಿಗೇ ಕೆಲಸ ಬಿಟ್ಟೆದ್ದಾಗ ಕೊನೆಮುಟ್ಟಿದವರು 40ರಲ್ಲಿ ನಾಲ್ಕೇ ಮಂದಿ. ಶಾಕ್ ನಿಜವಲ್ಲವೆಂಬ ಅನುಮಾನ ಭಾಗವಹಿಸಿದ ಕೆಲವರಿಗಿತ್ತು ಎಂಬ ಟೀಕೆ ಈ ಪ್ರಯೋಗದ ಮೇಲಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಆಶ್ ಮತ್ತು ಮಿಲ್‌ಗ್ರಾಂ ಇಬ್ಬರ ಕೆಲಸವೂ ಒಂದೇ ಕಡೆ ಬೆರಳು ತೋರಿಸುತ್ತದೆ: ಒಬ್ಬಂಟಿಗೆ ಬಾರದ ಧೈರ್ಯ ಕಣ್ಣೆದುರು ಒಬ್ಬ ಜೊತೆಗಾರ ಸಿಕ್ಕರೆ ಬರುತ್ತದೆ.

‘ಇದೆಲ್ಲ ಪ್ರಯೋಗಶಾಲೆಯ ಮಾತು, ಹಟ್ಟಿಯವರದು ನಿಜವಾದ ಭಕ್ತಿ, ಒತ್ತಡವಲ್ಲ’ ಎಂದು ಯಾರಾದರೂ ಆಕ್ಷೇಪಿಸಬಹುದು. ಭಕ್ತಿ ನಿಜ, ಅದನ್ನು ಗೌರವಿಸಲೇಬೇಕು. ಆದರೆ ಎಲ್ಲರೂ ಅಷ್ಟೇ ಗಟ್ಟಿಯಾಗಿ ನಂಬಿದ್ದಾರೆಂದು ಒಬ್ಬೊಬ್ಬರೂ ಭಾವಿಸಿರುವುದು ನಿಜವೇ ಆಗಬೇಕಿಲ್ಲ. ಸೌದಿ ಅರೇಬಿಯಾದಲ್ಲಿ ಲಿಯೊನಾರ್ಡೊ ಬರ್ಸ್ಟಿನ್ ಮತ್ತು ಸಂಗಡಿಗರು ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮದುವೆಯಾದ ಯುವಕರಲ್ಲಿ ಬಹುಪಾಲು ಮಂದಿ, ಹೆಂಗಸರು ಹೊರಗೆ ದುಡಿಯಲಿ ಎಂದು ಒಳಗೊಳಗೇ ಒಪ್ಪಿದ್ದರು. ನೆರೆಯವರು ಮಾತ್ರ ಒಪ್ಪುವುದಿಲ್ಲವೆಂದು ತಪ್ಪಾಗಿ ತಿಳಿದಿದ್ದರು. ನೆರೆಯವರ ನಿಜವಾದ ಅಭಿಪ್ರಾಯ ತಿಳಿಸಿದ ಮೇಲೆ, ಹೆಂಡತಿಗೆ ಕೆಲಸ ಹುಡುಕಿಕೊಡುವ ಸೇವೆಗೆ ಹೆಸರು ಬರೆಸಿದವರು ಹೆಚ್ಚಿದರು. ಇನ್ನು ಒಂದೇ ಸಮುದಾಯವನ್ನು ಬೊಟ್ಟುಮಾಡುವುದು ಅನ್ಯಾಯ ಎಂಬ ಮಾತಿನಲ್ಲಿ ಹುರುಳಿದೆ. ತುಮಕೂರಿನ ಸದಾಶಿವನಗರದಂಥ ಬಡಾವಣೆಗಳಲ್ಲೂ, ಓದಿದವರ ಎಷ್ಟೋ ಮನೆಗಳಲ್ಲಿ, ಮುಟ್ಟಾದ ಮಗಳು ದೇವರಕೋಣೆಯ ಹೊಸ್ತಿಲು ದಾಟುವುದಿಲ್ಲ. ಕಾರಣ ಕೇಳಿದರೆ ‘ದೊಡ್ಡವರು ಬೇಜಾರು ಮಾಡಿಕೊಳ್ಳುತ್ತಾರೆ’ ಎಂಬುದೇ ಉತ್ತರ. ಕಟ್ಟುಪಾಡಿನ ಬೇರು ಎರಡೂ ಕಡೆ ಒಂದೇ. ಹಟ್ಟಿಯಲ್ಲಿ ಅದರ ಬೆಲೆ ಜೀವದ ಮಟ್ಟಕ್ಕೆ ಹೋಗುವುದರಿಂದ ಮಾತು ಅಲ್ಲಿಂದಲೇ ಶುರುವಾಗಬೇಕು.

ಕಾನೂನು ಇಲ್ಲವೇ ಎಂದರೆ, ಇದೆ. ಮುಟ್ಟಾದವರನ್ನು, ಗರ್ಭಿಣಿಯರನ್ನು ಊರಾಚೆ ಇಡುವುದನ್ನು ನಿಷೇಧಿಸುವ ರಾಜ್ಯದ ಕಾಯ್ದೆ 2017ರಲ್ಲಿ ರೂಪುಗೊಂಡು 2020ರಲ್ಲಿ ಜಾರಿಗೆ ಬಂತು. ಗುಬ್ಬಿಯ ನ್ಯಾಯಾಧೀಶೆ ಹಟ್ಟಿಯ ತನಕ ಹೋದದ್ದು ದೊಡ್ಡ ಕೆಲಸ; ಒಂದು ಮಗುವಿಗೆ ಅಂದೇ ಬೆಚ್ಚಗಿನ ಸೂರು ಸಿಕ್ಕಿತು. ಆದರೆ ಹೊರಗಿನ ಅಧಿಕಾರ ಎದುರಿಗಿರುವಷ್ಟು ಹೊತ್ತು ಬಲವಾಗಿರುತ್ತದೆ. ಮಿಲ್‌ಗ್ರಾಂನ ಪ್ರಯೋಗದಲ್ಲೂ ಮೇಲ್ವಿಚಾರಕ ಕೋಣೆ ಬಿಟ್ಟು ಫೋನಿನಲ್ಲಿ ಆಜ್ಞೆ ಕೊಟ್ಟಾಗ ಕೊನೆಯವರೆಗೆ ಮಾತು ಕೇಳಿದವರು ಐವರಲ್ಲೊಬ್ಬರಷ್ಟೇ. ಜೀಪು ಹಿಂದಿರುಗಿದ ಮೇಲೆ ಹಟ್ಟಿಯಲ್ಲಿ ಉಳಿಯುವವರು ಅದೇ ನೆರೆಹೊರೆಯವರು. ನೆರೆಹೊರೆಯವರೇ ಒಟ್ಟಾಗಿ ಬದಲಾದ ಉದಾಹರಣೆ ಬೇರೆಡೆ ಇದೆ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿಯನ್ನು ಬಿಟ್ಟೆವೆಂದು 1997ರಲ್ಲಿ ಮಲಿಕೂಂಡಾ ಬಂಬಾರಾ ಎಂಬ ಹಳ್ಳಿಯ ಹೆಂಗಸರು ಬಹಿರಂಗವಾಗಿ ಸಾರಿದರು. ಆಗ ದೆಂಬಾ ದಿಯಾವಾರಾ ಎಂಬ ಇಮಾಮರು ಒಂದು ವಿವೇಕದ ಮಾತು ಹೇಳಿದರು: ಹೆಣ್ಣು ಕೊಟ್ಟು ತರುವ ಊರುಗಳೆಲ್ಲ ಒಟ್ಟಿಗೆ ತೀರ್ಮಾನಿಸದ ಹೊರತು ಒಂದೇ ಊರು ಬದಲಾಗಲಾರದು. ಅವರು ನೆಂಟರೂರುಗಳಿಗೆ ನಡೆದೇ ಹೋಗಿ ಮಾತಾಡಿದರು. ಮರುವರ್ಷ 13 ಹಳ್ಳಿಗಳು ಒಟ್ಟಾಗಿ ಅದೇ ಘೋಷಣೆ ಮಾಡಿದವು.

ಗೊಲ್ಲರಹಟ್ಟಿಗಳ ನಂಟಸ್ತಿಕೆಯೂ ಹೀಗೇ ತುಮಕೂರು, ಚಿತ್ರದುರ್ಗದ ಉದ್ದಕ್ಕೂ ಹೆಣೆದುಕೊಂಡಿದೆ. ಆದ್ದರಿಂದ ಅಧಿಕಾರಿಗಳು, ಆಶಾ ಕಾರ್ಯಕರ್ತೆಯರು ಒಂದು ಮನೆಯ ಬಾಗಿಲಲ್ಲಿ ನಿಂತು ಗದರುವುದನ್ನು ಬಿಟ್ಟು, ನೆಂಟರ ಹಟ್ಟಿಗಳನ್ನೆಲ್ಲ ಒಂದೆಡೆ ಸೇರಿಸಿ, ಸಮುದಾಯದ ಹಿರಿಯರ ಬಾಯಲ್ಲೇ ಈ ಮಾತು ಬರುವಂತೆ ಮಾಡಲಿ. ಹಟ್ಟಿಯ ಓದಿದ ಹುಡುಗ-ಹುಡುಗಿಯರಲ್ಲೂ ಒಂದು ಕೋರಿಕೆ: ಯಾರಾದರೂ ಬಾಣಂತಿಯನ್ನು ಮನೆಯೊಳಗೇ ಇಟ್ಟುಕೊಂಡರೆ, ಅಂದೇ, ಎಲ್ಲರಿಗೂ ಕಾಣುವಂತೆ, ಆ ಮನೆಗೆ ಹೋಗಿ ಕೂಸನ್ನು ಎತ್ತಿಕೊಳ್ಳಿ.